ಹೊಸ ಬುಷ್, ಹಳೆಯ ಕಾರು, ಎರೆನೆಲದ ರಸ್ತೆ

ಕೃಷ್ಣೆ ಮತ್ತು ಘಟಪ್ರಭೆಗಳ ಸೀಮೆಯ ಎರೆನೆಲದಲ್ಲಿರುವ ಚಿಮ್ಮಡದಲ್ಲಾಗಲಿ, ಅದರ ಸುತ್ತಲಿನ ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ ತಾಲ್ಲೂಕುಗಳಲ್ಲಾಗಲಿ, ರಸ್ತೆ ಹಾಕಿದಂತೆಯೇ ಉಳಿಯುವುದು ಕಷ್ಟ. ಎರೆಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಅಡಿಪಾಯ ಗಟ್ಟಿಯಿಲ್ಲದ ಕಡೆ ಮೇಲಿನ ಡಾಂಬರು ಮಣ್ಣಿನ ಜೊತೆಗೇ ಏರಿಳಿದು ಕೆಲವೇ ವರ್ಷಗಳಲ್ಲಿ ಅಲೆಯಲೆಯಾಗುತ್ತದೆ. ಇದರ ಮೇಲೆ ಕಬ್ಬಿನ ಹಂಗಾಮಿನಲ್ಲಿ ಸಮೀರವಾಡಿಯೇ ಮೊದಲಾದ ಕಡೆಗಳ ಸಕ್ಕರೆ ಕಾರ್ಖಾನೆಗಳಿಗೆ ಎರಡೆರಡು ಟ್ರಾಲಿಗಳನ್ನು ಎಳೆದುಕೊಂಡು ಹೋಗುವ ಟ್ರ್ಯಾಕ್ಟರ್‌ಗಳು ಹಗಲಿರುಳು ಓಡಾಡುವುದರಿಂದ, ತಗ್ಗು ದಿಣ್ಣೆಗಳು ಮುಚ್ಚುವುದಕ್ಕಿಂತ ಬೇಗ ಹುಟ್ಟುತ್ತವೆ. ಹೀಗಾಗಿ ಈ ಭಾಗದ ಗ್ಯಾರೇಜುಗಳಿಗೆ ಪಾಟಾ, ಅಂದರೆ ಉಕ್ಕಿನ ಉದ್ದನೆಯ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದ ಬಾಗಿದ ಸ್ಪ್ರಿಂಗು, ತೀರ ಪರಿಚಿತವಾದ ವಸ್ತು. ತುಂಡಾದ ಪಟ್ಟಿಯನ್ನು ತೆಗೆದು ಹೊಸದನ್ನು ಕೂಡಿಸುವುದು, ಯು-ಬೋಲ್ಟ್ ಬಿಗಿಯುವುದು, ಸೆಂಟರ್ ಬೋಲ್ಟ್ ಬದಲಿಸುವುದು ಇಲ್ಲಿನ ಮಿಸ್ತ್ರಿಗಳಿಗೆ ದಿನನಿತ್ಯದ ಕೆಲಸ. ಹಳೆಯ ಸ್ಪೋರ್ಟ್ಸ್ ಕಾರಿನ, ಅಥವಾ ಅದೇ ವಂಶದ ಹಳೆಯ ಕಾರಿನ, ಸಸ್ಪೆನ್ಷನ್ ಭಾಗಗಳನ್ನು ಬದಲಿಸಲು ಹೊರಟವರಿಗೆ ಈ ಕೌಶಲ ಅರ್ಧದಷ್ಟು ನೆರವಾಗುತ್ತದೆ. ಉಳಿದರ್ಧ ಬೇರೆಯೇ ತಿಳಿವಳಿಕೆಯನ್ನು ಬೇಡುತ್ತದೆ. ಅಂಥ ಕಾರಿನಲ್ಲಿ ಕೆಲಸ ಕೆಡುವುದು ಉಕ್ಕಿನಲ್ಲಲ್ಲ, ಹೆಚ್ಚಾಗಿ ರಬ್ಬರಿನಲ್ಲಿ. ಅದೂ ಯಾವ ಭಾಗವನ್ನು ಕೊಂಡರು ಎಂಬುದಕ್ಕಿಂತ ಅದನ್ನು ಯಾವ ಸ್ಥಿತಿಯಲ್ಲಿ ಬಿಗಿದರು ಎಂಬುದರಿಂದ.

ಭಾರತದಲ್ಲಿ ಸ್ಪೋರ್ಟ್ಸ್ ಕಾರುಗಳ ತಯಾರಿಕೆ ನಡೆದದ್ದೇ ವಿರಳ. ಆದರೆ ಒಂದು ಪ್ರಸಿದ್ಧ ಸ್ಪೋರ್ಟ್ಸ್ ಕಾರಿನ ಸ್ವಂತ ಒಡಹುಟ್ಟು ಇಲ್ಲಿಯ ರಸ್ತೆಗಳಲ್ಲಿ ಬಹುಕಾಲ ಓಡಿದೆ. ಬ್ರಿಟನ್ನಿನ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿ 1959ರಲ್ಲಿ ಹೊರತಂದ ಹೆರಾಲ್ಡ್ ಕಾರನ್ನು, ಇಟಲಿಯ ವಿನ್ಯಾಸಕಾರ ಜೊವಾನ್ನಿ ಮಿಕೆಲೊಟ್ಟಿ ರೂಪಿಸಿದ ಅದೇ ಮೈಕಟ್ಟಿನಲ್ಲಿ, ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಿಸಿತು. ಆ ಹೆರಾಲ್ಡಿನ ಚಾಸಿಯನ್ನೇ ಮೊಟಕುಗೊಳಿಸಿ, ಅದರ ಮೇಲೆ ಎರಡು ಸೀಟಿನ ತೆರೆದ ಮೈ ಕೂಡಿಸಿ ಬ್ರಿಟನ್ನಿನಲ್ಲಿ 1962ರಲ್ಲಿ ಮಾಡಿದ ಕಾರೇ ಟ್ರಯಂಫ್ ಸ್ಪಿಟ್‌ಫೈರ್. ಸ್ಪಿಟ್‌ಫೈರ್ ಭಾರತದಲ್ಲಿ ತಯಾರಾಗಲಿಲ್ಲ. ಆದರೂ ಎರಡರ ಅಡಿಯಲ್ಲಿ ತೂರಿ ನೋಡಿದರೆ ಮುಂಗಾಲಿಯ ಕಟ್ಟಣೆ ಬಹುಪಾಲು ಒಂದೇ, ಹಿಂಗಾಲಿಯ ತತ್ವವೂ ಒಂದೇ. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯಿಂದ ತಯಾರಿಸಿದ, ಫೈಬರ್‌ಗ್ಲಾಸ್ ಮೈಯ ಪುಟ್ಟ ಡಾಲ್ಫಿನ್ ಕಾರು ಮಾರಾಟದಲ್ಲಿ ಸೋತರೂ ತನ್ನ ಹಗುರತನದಿಂದ ರ‍್ಯಾಲಿಗಳಲ್ಲಿ ಹೆಸರು ಮಾಡಿದ್ದು ಕರ್ನಾಟಕದ ಮೋಟಾರು ಚರಿತ್ರೆಯ ಇನ್ನೊಂದು ಕುತೂಹಲದ ಪುಟ. ಇಲ್ಲಿ ಮುಖ್ಯ ಉದಾಹರಣೆಯಾಗಿ ಹೆರಾಲ್ಡನ್ನೇ ಇಟ್ಟುಕೊಳ್ಳಲು ಕಾರಣ, ಅದರ ಸಸ್ಪೆನ್ಷನ್ನಿನಲ್ಲಿ ಸ್ಪೋರ್ಟ್ಸ್ ಕಾರಿನ ಗುಣಗಳೂ ದೋಷಗಳೂ ಒಟ್ಟೊಟ್ಟಿಗೆ ಕಾಣಸಿಗುತ್ತವೆ.

ಸಸ್ಪೆನ್ಷನ್ ಎಂದರೆ ಗಾಲಿಗೂ ಕಾರಿನ ಮೈಗೂ ನಡುವೆ ಇರುವ, ಅಲುಗಾಡಬಲ್ಲ ಜೋಡಣೆ. ಇದರಲ್ಲಿ ಸ್ಪ್ರಿಂಗು ಹೊರುವ ಕೆಲಸ ಮಾಡುತ್ತದೆ: ಗಾಲಿ ದಿಣ್ಣೆ ಹತ್ತಿದಾಗ ಬರುವ ಹೊಡೆತವನ್ನು ತಾನು ಅದುಮಿಕೊಂಡು ಕೂಡಿಟ್ಟು, ಮರುಕ್ಷಣದಲ್ಲಿ ಹಿಂದಕ್ಕೆ ಕೊಡುತ್ತದೆ. ಸ್ಪ್ರಿಂಗೊಂದನ್ನೇ ನಂಬಿದರೆ ಕಾರು ಒಂದು ತಗ್ಗು ದಾಟಿದ ಮೇಲೂ ಬಹಳ ಹೊತ್ತು ಮೇಲೆ ಕೆಳಗೆ ಕುಣಿಯುತ್ತಿರುತ್ತದೆ. ಈ ಕುಣಿತವನ್ನು ಅಡಗಿಸುವ ಸಾಧನವೇ ಶಾಕ್ ಅಬ್ಸಾರ್ಬರ್, ಗ್ಯಾರೇಜಿನ ಮಾತಿನಲ್ಲಿ ಶಾಕಪ್. ಎಣ್ಣೆ ತುಂಬಿದ ಕೊಳವೆಯಲ್ಲಿ ಸಣ್ಣ ರಂಧ್ರಗಳುಳ್ಳ ಪಿಸ್ಟನ್ ಓಡಾಡುವಾಗ ಎಣ್ಣೆ ಆ ರಂಧ್ರಗಳಲ್ಲಿ ತಿಣುಕಿ ನುಸುಳುತ್ತದೆ, ಹಾಗೆ ನುಸುಳುವಾಗ ಚಲನೆಯ ಶಕ್ತಿ ಶಾಖವಾಗಿ ಕರಗಿಹೋಗುತ್ತದೆ. ಗಾಲಿಯು ಅಡ್ಡಾದಿಡ್ಡಿಯಾಗಿ ಹೋಗದೆ ನಿಗದಿಯಾದ ದಾರಿಯಲ್ಲೇ ಏರಿಳಿಯುವಂತೆ ಹಿಡಿದಿಡುವುದು ತೋಳುಗಳ ಕೆಲಸ. ಹೆರಾಲ್ಡಿನ ಮುಂಗಾಲಿಗೆ ಮೇಲೊಂದು ಕೆಳಗೊಂದು ಕವಲುತೋಳು ಇದ್ದು, ಇದಕ್ಕೆ ಡಬಲ್ ವಿಶ್‌ಬೋನ್ ಎನ್ನುತ್ತಾರೆ. ಈ ತೋಳುಗಳು ಚಾಸಿಗೆ ಸೇರುವ ಕಡೆಯಲ್ಲೆಲ್ಲ ಬುಷ್ ಎಂಬ ಚಿಕ್ಕ ತುಣುಕು ಇರುತ್ತದೆ, ಬೆಲೆಯಲ್ಲಿ ಇಡೀ ವ್ಯವಸ್ಥೆಯ ಅತಿ ಅಗ್ಗದ ಭಾಗ.

ಈ ಅಗ್ಗದ ಭಾಗದ ಸ್ವಭಾವವನ್ನು ಅರಿಯದೆ ಕೆಲಸಕ್ಕೆ ಕೈಹಾಕುವುದರಿಂದಲೇ ಬಹುತೇಕ ರಿಪೇರಿಗಳು ಹಾಳಾಗುತ್ತವೆ. ಒಳಗೊಂದು ಉಕ್ಕಿನ ಕೊಳವೆ, ಹೊರಗೊಂದು ಉಕ್ಕಿನ ಕೊಳವೆ, ಇವೆರಡರ ನಡುವೆ ಎರಡಕ್ಕೂ ಅಂಟಿಕೊಂಡಿರುವ ಅಥವಾ ಬಿಗಿಯಾಗಿ ತುರುಕಿರುವ ರಬ್ಬರು: ಇದು ಸಾಮಾನ್ಯ ಬುಷ್ಷಿನ ರಚನೆ. ಬೋಲ್ಟು ಬಿಗಿದಾಗ ಒಳಕೊಳವೆ ಚಾಸಿಯ ಕಿವಿಗಳ ನಡುವೆ ಸಿಕ್ಕಿ ಅಲುಗದಂತೆ ನಿಲ್ಲುತ್ತದೆ, ಹೊರಕೊಳವೆ ತೋಳಿನ ಜೊತೆ ತಿರುಗುತ್ತದೆ. ಅಂದರೆ ಇಲ್ಲಿ ಒಂದರ ಮೇಲೊಂದು ಉಜ್ಜುವ ಮೇಲ್ಮೈಯೇ ಇಲ್ಲ, ತೋಳಿನ ಚಲನೆಯನ್ನೆಲ್ಲ ರಬ್ಬರು ತನ್ನ ಮೈಯನ್ನೇ ತಿರುಚಿಕೊಂಡು ತಾಳಿಕೊಳ್ಳುತ್ತದೆ. ಹಾಗಾಗಿ ಇದಕ್ಕೆ ಗ್ರೀಸು ಬೇಕಾಗಿಲ್ಲ, ಹಚ್ಚಿದರೆ ಕೇಡೇ ಹೆಚ್ಚು, ಏಕೆಂದರೆ ಖನಿಜ ತೈಲ ತಾಗಿದ ನೈಸರ್ಗಿಕ ರಬ್ಬರು ಊದಿ ಮೆತ್ತಗಾಗುತ್ತದೆ. ಬುಷ್ಷನ್ನು ಒತ್ತಿ ಕೂಡಿಸುವಾಗ ಜಾರಲೆಂದು ಏನಾದರೂ ಬೇಕಾದರೆ ಸಾಬೂನು ನೀರು ಸಾಕು. ಇನ್ನು ಕಾರು ಓಡಲಿ, ಷೆಡ್ಡಿನಲ್ಲಿ ನಿಂತಿರಲಿ, ಗಾಳಿಯ ಆಮ್ಲಜನಕ, ಓಜೋನ್ ಮತ್ತು ಬಿಸಿಲಿನ ಝಳಕ್ಕೆ ರಬ್ಬರಿಗೆ ವಯಸ್ಸಾಗುವುದು ತಪ್ಪುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಾಗಲಕೋಟೆ ಜಿಲ್ಲೆಯಂಥ ಕಡೆ ಇದು ಇನ್ನೂ ಬೇಗ. ವರ್ಷಗಟ್ಟಲೆ ನಿಲ್ಲಿಸಿಟ್ಟ ಹೆರಾಲ್ಡು ಮೀಟರಿನಲ್ಲಿ ಎಷ್ಟೇ ಕಡಿಮೆ ದೂರ ತೋರಿಸಿದರೂ ಅದರ ಬುಷ್ಷುಗಳು ಗಟ್ಟಿಯಾಗಿ ಬಿರುಕುಬಿಟ್ಟಿರುತ್ತವೆ.

ಇಲ್ಲಿಂದಲೇ ಬಿಗಿಯುವ ಕ್ರಮದ ಪ್ರಶ್ನೆ ಹುಟ್ಟುತ್ತದೆ. ಕೆಲಸಕ್ಕಾಗಿ ಕಾರನ್ನು ಜಾಕಿನಿಂದ ಎತ್ತಿದಾಗ ಗಾಲಿಗಳು ಕೆಳಕ್ಕೆ ಜೋತುಬೀಳುತ್ತವೆ, ತೋಳುಗಳೂ ಕೆಳಮುಖವಾಗಿ ಇಳಿಯುತ್ತವೆ. ಆ ಸ್ಥಿತಿಯಲ್ಲಿ ಹೊಸ ಬುಷ್ ಹಾಕಿ ಬೋಲ್ಟುಗಳನ್ನು ಪೂರ್ತಿ ಬಿಗಿದರೆ, ರಬ್ಬರಿಗೆ ಅದೇ ತನ್ನ ಸಹಜ ನಿಲುವಾಗುತ್ತದೆ. ಕಾರನ್ನು ಇಳಿಸಿದ ಕೂಡಲೇ ತೋಳು ಮೇಲೇರಿ, ರಬ್ಬರು ನಿಂತಲ್ಲಿಯೇ ತಿರುಚಿಕೊಂಡಿರುತ್ತದೆ. ಉದಾಹರಣೆಗೆ 250 ಮಿಲಿಮೀಟರ್ ಉದ್ದದ ತೋಳಿನ ತುದಿ ಜೋತುಬಿದ್ದಾಗ 80 ಮಿಲಿಮೀಟರ್ ಕೆಳಗಿಳಿದಿತ್ತೆಂದುಕೊಂಡರೆ, ಕಾರು ನೆಲಕ್ಕಿಳಿದ ಮೇಲೆ ಬುಷ್ಷು ಹೆಚ್ಚುಕಡಿಮೆ 19 ಡಿಗ್ರಿ ತಿರುಚಿದ ಸ್ಥಿತಿಯಲ್ಲಿ ಸದಾಕಾಲ ಇರಬೇಕಾಗುತ್ತದೆ. ರಸ್ತೆಯ ದಿಣ್ಣೆಗಳ ತಿರುಚುವಿಕೆ ಅದರ ಮೇಲೆ ಸೇರುತ್ತದೆ. ಇದರ ಫಲವಾಗಿ ರಬ್ಬರು ಬೇಗ ಹರಿಯುತ್ತದೆ, ಅಷ್ಟೇ ಅಲ್ಲ, ತಿರುಚಿದ ರಬ್ಬರು ತಾನೂ ಒಂದು ಸ್ಪ್ರಿಂಗಿನಂತೆ ವರ್ತಿಸಿ ಕಾರಿನ ಮುಂಭಾಗವನ್ನು ಎತ್ತಿ ಹಿಡಿಯುತ್ತದೆ. ಮಾಲೀಕರು ಹೊಸ ಸ್ಪ್ರಿಂಗು ಸರಿಯಿಲ್ಲವೆಂದು ಅಂಗಡಿಯವರನ್ನು ದೂರುವ ಎಷ್ಟೋ ಸಂದರ್ಭಗಳಲ್ಲಿ ತಪ್ಪು ಸ್ಪ್ರಿಂಗಿನದಾಗಿರುವುದಿಲ್ಲ. ಸರಿಯಾದ ಕ್ರಮವೆಂದರೆ ಎಲ್ಲ ಬೋಲ್ಟುಗಳನ್ನೂ ಕೈಬಿಗಿಯಷ್ಟೇ ಹಾಕಿ, ಗಾಲಿಗಳನ್ನು ಕೂಡಿಸಿ, ಕಾರಿನ ಪೂರ್ತಿ ಭಾರವನ್ನು ಗಾಲಿಗಳ ಮೇಲೆ ಬಿಟ್ಟು, ಮುಂದೆ ಹಿಂದೆ ಸ್ವಲ್ಪ ಉರುಳಿಸಿ, ಬಾನೆಟ್ಟನ್ನು ಕೆಲವು ಸಲ ಒತ್ತಿ ಬಿಟ್ಟು ಅದು ತನ್ನ ಸಹಜ ಎತ್ತರಕ್ಕೆ ಬಂದು ನಿಂತ ಮೇಲೆ ಕೊನೆಯ ಬಿಗಿ ಹಾಕುವುದು. ಪಾಟಾದ ತುದಿಯ ಬುಷ್ಷುಗಳಿಗೂ ಇದೇ ನಿಯಮ. ಟ್ರಾಲಿಯ ಪಾಟಾಕ್ಕೆ ಲೋಹದ ಬುಷ್ ಹಾಕಿ ಗ್ರೀಸು ತುಂಬಿ ರೂಢಿಯಾದ ಕೈಗೆ ಈ ಎಚ್ಚರಿಕೆ ಅನವಶ್ಯಕವೆನಿಸುವುದು ಸಹಜ, ಏಕೆಂದರೆ ಅಲ್ಲಿ ಬುಷ್ ನಿಜವಾಗಿಯೂ ಪಿನ್ನಿನ ಸುತ್ತ ತಿರುಗುತ್ತದೆ.

ರಬ್ಬರಿನ ಬದಲಿಗೆ ಪಾಲಿಯುರೆಥೇನ್ ಎಂಬ ಗಡುಸಾದ ಪ್ಲಾಸ್ಟಿಕ್ಕಿನ ಬುಷ್ಷುಗಳೂ ಬಣ್ಣಬಣ್ಣದಲ್ಲಿ ಸಿಗುತ್ತವೆ. ಇವುಗಳಲ್ಲಿ ಒಳಕೊಳವೆ ಅಂಟಿಕೊಂಡಿರದೆ ಸ್ವತಂತ್ರವಾಗಿ ತಿರುಗುವುದರಿಂದ ಬಿಗಿಯುವ ಎತ್ತರದ ಕಟ್ಟುಪಾಡು ಇಲ್ಲ, ಎಣ್ಣೆಗೂ ಹೆದರುವುದಿಲ್ಲ. ಆದರೆ ತಯಾರಕರು ಹೇಳಿದ ಗ್ರೀಸನ್ನೇ ಹಚ್ಚದಿದ್ದರೆ ಕಿರುಗುಡುತ್ತವೆ. ಅದಕ್ಕಿಂತ ಮುಖ್ಯವಾಗಿ, ಅವು ತಾಳಿಕೊಳ್ಳದ ಹೊಡೆತ ಎಲ್ಲಿಯೂ ಮಾಯವಾಗುವುದಿಲ್ಲ, ಚಾಸಿಗೆ ಹೋಗುತ್ತದೆ. ನಯವಾದ ಪಂದ್ಯದ ಟ್ರ್ಯಾಕಿನಲ್ಲಿ ಗಡುಸು ಬುಷ್ ಸ್ಟೀರಿಂಗಿಗೆ ಚುರುಕು ಕೊಡುವುದು ನಿಜ. ಬನಹಟ್ಟಿ-ಜಮಖಂಡಿ ಕಡೆಯ ರಸ್ತೆಯಲ್ಲಿ, ಅರವತ್ತು ವರ್ಷ ತುಕ್ಕಿನೊಡನೆ ಹೋರಾಡಿದ ಚಾಸಿಯ ಮೇಲೆ ಅದನ್ನು ಹಾಕುವುದು ಜಾಣತನವೆನಿಸದು. ಮೂಲ ದರ್ಜೆಯ ರಬ್ಬರು ಬುಷ್ಷೇ ಅಂಥ ಕಾರಿಗೆ ಹಿತ.

ಸ್ಪ್ರಿಂಗಿನ ವಿಷಯದಲ್ಲೂ ಗಡುಸಿನ ಮೋಹ ಇಷ್ಟೇ ಬಲವಾದದ್ದು. ಸುರುಳಿ ಸ್ಪ್ರಿಂಗಿನ ಗಡುಸುತನ ಅದರ ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ: ಉಳಿದ ಅಳತೆಗಳೆಲ್ಲ ಒಂದೇ ಇದ್ದು, 12 ಮಿಲಿಮೀಟರ್ ತಂತಿಯ ಬದಲು 13 ಮಿಲಿಮೀಟರ್ ತಂತಿ ಬಳಸಿದರೆ ಸ್ಪ್ರಿಂಗು ಸುಮಾರು ಶೇ 38ರಷ್ಟು ಗಡುಸಾಗುತ್ತದೆ. ಕಣ್ಣಿಗೆ ಒಂದೇ ರೀತಿ ಕಾಣುವ ಬೇರೆ ಕಾರಿನ ಸ್ಪ್ರಿಂಗನ್ನು ತಂದು ಕೂಡಿಸುವ ಪದ್ಧತಿ ಏಕೆ ಅಪಾಯಕಾರಿ ಎಂಬುದು ಇದರಿಂದ ತಿಳಿಯುತ್ತದೆ. ಕಾರನ್ನು ತಗ್ಗಿಸಲೆಂದು ಸುರುಳಿಯ ಒಂದು ಸುತ್ತನ್ನು ಕತ್ತರಿಸುವವರೂ ಉಂಟು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗು ಗಡುಸಾಗುವುದರಿಂದ ಅವರಿಗೆ ತಗ್ಗಿದ ಕಾರಿನ ಜೊತೆಗೆ ಕೇಳದೇ ಬಂದ ಬಿರುಸೂ ದಕ್ಕುತ್ತದೆ, ಗಾಲಿಗೆ ಮೇಲೇಳಲು ಉಳಿದಿದ್ದ ಜಾಗವೂ ಕಿರಿದಾಗುತ್ತದೆ.

ಹೆರಾಲ್ಡಿನ ಮುಂಭಾಗದಲ್ಲಿ ಕೆಲಸ ಮಾಡುವುದು ಒಂದು ರೀತಿಯಲ್ಲಿ ಸುಖ. ಮಡ್‌ಗಾರ್ಡುಗಳ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಎಂಜಿನ್ನು, ತೋಳು, ಸ್ಪ್ರಿಂಗು ಎಲ್ಲವೂ ಬಯಲಾಗುತ್ತವೆ. ಮಿಸ್ತ್ರಿ ಮುಂಗಾಲಿಯ ಟಯರಿನ ಮೇಲೆ ಕುಳಿತೇ ಪಾನಾ ಆಡಿಸಬಹುದು. ಆದರೆ ಈ ಅನುಕೂಲದ ನಡುವೆಯೇ ಟ್ರನಿಯನ್ ಎಂಬ ಕುಖ್ಯಾತ ಭಾಗವಿದೆ. ಗಾಲಿಯನ್ನು ಹೊತ್ತ ಉಕ್ಕಿನ ನೆಟ್ಟಗಂಬದ ಮೇಲ್ತುದಿ ಬಾಲ್ ಜಾಯಿಂಟಿಗೆ, ಅಂದರೆ ಗುಂಡಿನಾಕಾರದ ಕೀಲಿಗೆ, ಸೇರಿದ್ದರೆ ಅದರ ಕೆಳತುದಿಯಲ್ಲಿ ತಿರುಪಿನ ಹಲ್ಲುಗಳಿದ್ದು, ಅದು ಕಂಚಿನ ಮಿಶ್ರಲೋಹದ ಒಂದು ಗೂಡಿನೊಳಕ್ಕೆ ತಿರುಪಿಕೊಂಡಿರುತ್ತದೆ. ಆ ಗೂಡೇ ಟ್ರನಿಯನ್. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಈ ತಿರುಪು ಅಷ್ಟಷ್ಟು ತಿರುಗುತ್ತದೆ. ಇದಕ್ಕೆ ಬೇಕಾದದ್ದು ಗೇರ್ ಬಾಕ್ಸಿಗೆ ಹಾಕುವ 90 ದರ್ಜೆಯ ಮಂದ ಎಣ್ಣೆ, ಗ್ರೀಸಲ್ಲ. ಗ್ರೀಸು ಹಲ್ಲುಗಳ ಸಂದಿಗೆ ಸರಿಯಾಗಿ ಇಳಿಯದೆ ಗಟ್ಟಿಯಾಗಿ, ಒಳಗೆ ಸೇರಿದ ಮಳೆನೀರನ್ನು ಅಲ್ಲಿಯೇ ಹಿಡಿದಿಡುತ್ತದೆ. ಉಕ್ಕು ತುಕ್ಕು ಹಿಡಿದು ಸವೆದು, ಒಂದು ದಿನ ಟ್ರನಿಯನ್ನಿನ ಬಾಯಿಯ ಬಳಿ ಕಂಬ ಮುರಿದು ಗಾಲಿ ಮಡಿಚಿಕೊಳ್ಳುತ್ತದೆ. ಎಲ್ಲಕ್ಕೂ ಗ್ರೀಸ್ ಗನ್ ಹಿಡಿಯುವ ಅಭ್ಯಾಸವಿರುವಲ್ಲಿ ಈ ಒಂದು ಮಾತನ್ನು ಕಾರಿನ ಒಳಗೇ ಬರೆದು ಅಂಟಿಸಿದರೂ ತಪ್ಪಿಲ್ಲ. ಹೊಸ ಟ್ರನಿಯನ್ ಕೊಳ್ಳುವಾಗ ಎಡಬಲಗಳನ್ನು ನೋಡಿಕೊಳ್ಳಬೇಕು, ಎರಡು ಬದಿಗಳ ತಿರುಪುಗಳು ಒಂದಕ್ಕೊಂದು ವಿರುದ್ಧ ದಿಕ್ಕಿನವು. ಹಳೆಯ ಕಂಬದ ಹಲ್ಲುಗಳು ತುಕ್ಕಿನಿಂದ ಗುಳಿಬಿದ್ದಿದ್ದರೆ ಟ್ರನಿಯನ್ ಮಾತ್ರ ಹೊಸದು ಹಾಕಿ ಉಳಿತಾಯ ಮಾಡುವುದರಲ್ಲಿ ಅರ್ಥವಿಲ್ಲ.

ಮುಂಭಾಗದ ಶಾಕಪ್ ಮತ್ತು ಅದನ್ನು ಸುತ್ತಿದ ಸುರುಳಿ ಸ್ಪ್ರಿಂಗು ಒಂದೇ ಘಟಕವಾಗಿ ಹೊರಬರುತ್ತವೆ. ತೆಗೆಯುವಾಗ ಮೇಲ್ತುದಿಯ ಸುತ್ತಲಿನ ಸಣ್ಣ ನಟ್ಟುಗಳನ್ನು ಬಿಚ್ಚಬೇಕೇ ಹೊರತು ನಡುವಿನ ನಟ್ಟಿಗೆ ಕೈಹಾಕಬಾರದು, ಅದುಮಿದ ಸ್ಪ್ರಿಂಗನ್ನು ತಡೆದು ನಿಲ್ಲಿಸಿರುವುದು ಆ ಒಂದು ನಟ್ಟೇ. ಅದರ ಹಿಂದಿರುವ ಶಕ್ತಿಯನ್ನು ಲೆಕ್ಕದಿಂದಲೇ ಅಂದಾಜು ಮಾಡಬಹುದು. ಒಂದು ಮಿಲಿಮೀಟರ್ ಕುಗ್ಗಲು ಎರಡೂವರೆ ಕಿಲೋ ಭಾರ ಬೇಡುವ ಸ್ಪ್ರಿಂಗನ್ನು 150 ಮಿಲಿಮೀಟರ್ ಅದುಮಿದರೆ ಅದರ ತುದಿಯಲ್ಲಿ 375 ಕಿಲೋ ಒತ್ತಡವಿರುತ್ತದೆ. ಅದು ಒಮ್ಮೆಲೇ ಸಿಡಿದರೆ ಹೊರಬೀಳುವ ಶಕ್ತಿ, 28 ಕಿಲೋ ತೂಕದ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಆದ್ದರಿಂದ ಘಟಕವನ್ನು ಹೊರತೆಗೆದ ಮೇಲೆ, ಸ್ಪ್ರಿಂಗಿನ ಎದುರುಬದುರು ಬದಿಗಳಿಗೆ ಎರಡು ಕಂಪ್ರೆಸರ್ ಹಿಡಿಕೆಗಳನ್ನು ಹಾಕಿ, ಎರಡನ್ನೂ ಸಮಸಮನಾಗಿ ಬಿಗಿಯುತ್ತ ಸ್ಪ್ರಿಂಗನ್ನು ಅದುಮಿದ ಬಳಿಕವೇ ನಡುವಿನ ನಟ್ಟು ಬಿಚ್ಚಬೇಕು. ಹಗ್ಗ, ಸರಪಳಿ, ತಂತಿಗಳ ಮೇಲೆ ಭರವಸೆ ಇಡುವ ಕಾಲ ಇದಲ್ಲ. ಜಾಕಿನ ಮೇಲೆ ಮಾತ್ರ ನಿಂತ ಕಾರಿನಡಿ ನುಸುಳುವುದು ಇನ್ನೊಂದು ಅಪಾಯ. ಗಟ್ಟಿ ಸ್ಟ್ಯಾಂಡುಗಳನ್ನು ಇಟ್ಟರೂ ಅವುಗಳ ಕೆಳಗಿನ ನೆಲ ಎಂಥದ್ದೆಂದು ನೋಡಬೇಕು: ಎರೆಮಣ್ಣಿನಂಗಳದಲ್ಲಿ ಅವು ಹೂತುಹೋಗುತ್ತವೆ, ಈ ಭಾಗದ ಮನೆ ಷೆಡ್ಡುಗಳಲ್ಲಿ ಹಾಸುವ ಫರಸಿ ಕಲ್ಲು ಒಂದೇ ಬಿಂದುವಿನ ಮೇಲೆ ಬೀಳುವ ಭಾರಕ್ಕೆ ಸೀಳುತ್ತದೆ. ದಪ್ಪ ಮರದ ಹಲಗೆ ಎರಡಕ್ಕೂ ಪರಿಹಾರ.

ಹಿಂಭಾಗದಲ್ಲಿ ಪಾಟಾವೇ ಇದೆ, ಆದರೆ ಅಡ್ಡಲಾಗಿ. ಟ್ರಾಲಿಯಲ್ಲೋ ಫಿಯಟ್ಟಿನಲ್ಲೋ ಉದ್ದಕ್ಕೆ ಎರಡು ಪಾಟಾಗಳಿದ್ದರೆ ಹೆರಾಲ್ಡಿನಲ್ಲಿ ಒಂದೇ ಪಾಟಾ ಡಿಫರೆನ್ಷಿಯಲ್ ಪೆಟ್ಟಿಗೆಯ ನೆತ್ತಿಯ ಮೇಲೆ ಅಡ್ಡ ಕುಳಿತು, ತನ್ನ ಎರಡೂ ತುದಿಗಳಿಂದ ಎರಡು ಗಾಲಿಗಳನ್ನು ಹಿಡಿದಿರುತ್ತದೆ. ಗಾಲಿಗೆ ಶಕ್ತಿ ಒಯ್ಯುವ ಅಚ್ಚಿಗೆ ಡಿಫರೆನ್ಷಿಯಲ್ ಬದಿಯಲ್ಲಿ ಮಾತ್ರ ಕೀಲು ಇರುವುದರಿಂದ ಗಾಲಿಯೂ ಅಚ್ಚೂ ಒಟ್ಟಾಗಿ ರೆಕ್ಕೆಯಂತೆ ಏರಿಳಿಯುತ್ತವೆ. ಈ ಏರ್ಪಾಟಿಗೆ ಸ್ವಿಂಗ್ ಆಕ್ಸಲ್ ಎಂದು ಹೆಸರು. ವೇಗವಾಗಿ ತಿರುವು ತೆಗೆದುಕೊಳ್ಳುವಾಗ ಕಾರಿನ ಹಿಂಭಾಗ ಎದ್ದು, ಹೊರಬದಿಯ ಗಾಲಿ ಅಡಿಗೆ ಮಡಚಿಕೊಂಡು, ಹಿಡಿತ ಥಟ್ಟನೆ ತಪ್ಪಬಹುದೆಂಬುದು ಇದರ ಹಳೆಯ ದೋಷ. ಸ್ಪಿಟ್‌ಫೈರ್ ತಯಾರಕರು 1970ರಲ್ಲಿ ಬಂದ ನಾಲ್ಕನೆಯ ಮಾದರಿಯಲ್ಲಿ, ಪಾಟಾದ ಕೆಳಪಟ್ಟಿಯೊಂದನ್ನು ಮಾತ್ರ ಭದ್ರವಾಗಿ ಬಿಗಿದು ಉಳಿದ ಪಟ್ಟಿಗಳನ್ನು ನಡುವಿನಲ್ಲಿ ತೂಗಲು ಬಿಡುವ ಮೂಲಕ ಈ ದೋಷವನ್ನು ಬಹಳಮಟ್ಟಿಗೆ ತಗ್ಗಿಸಿದರು. ಮದರಾಸಿನವರು ಬೇರೆ ದಾರಿ ಹಿಡಿದರು: 1972ರಲ್ಲಿ ಹೆರಾಲ್ಡಿನ ಸ್ಥಾನಕ್ಕೆ ಬಂದ ಸ್ಟ್ಯಾಂಡರ್ಡ್ ಗೆಜೆಲ್ ಕಾರಿನಲ್ಲಿ ಸ್ವಿಂಗ್ ಆಕ್ಸಲನ್ನೇ ಕೈಬಿಟ್ಟು, ಎರಡೂ ಗಾಲಿಗಳನ್ನು ಒಂದೇ ಗಟ್ಟಿ ಅಚ್ಚಿನಲ್ಲಿ ಸೇರಿಸಿ ಉದ್ದ ಪಾಟಾಗಳ ಮೇಲೆ ಕೂಡಿಸಿದರು. ನಾಜೂಕಿನಲ್ಲಿ ಇದು ಹಿಂದಕ್ಕಿಟ್ಟ ಹೆಜ್ಜೆಯೆನಿಸಿದರೂ ಇಲ್ಲಿನ ರಸ್ತೆ ಮತ್ತು ಗ್ಯಾರೇಜುಗಳನ್ನು ಬಲ್ಲವರ ತೀರ್ಮಾನ ಅದು.

ಕುಸಿದ ಪಾಟಾವನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಬಾಗಿಸಿಕೊಡುವುದು ಹಳೆಯ ವಾಡಿಕೆ. ಸ್ಪ್ರಿಂಗಿನ ಉಕ್ಕು ತನ್ನ ಪುಟಿಯುವ ಗುಣವನ್ನು ಪಡೆದಿರುವುದು ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾದ ಶಾಖದಲ್ಲಿ ಪಕ್ವಗೊಳಿಸಿದ ಸಂಸ್ಕಾರದಿಂದ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಗಾಳಿಗಿಟ್ಟರೆ ಆ ಸಂಸ್ಕಾರ ಅಳಿದು, ಪಟ್ಟಿ ನೋಡಲು ಬಾಗಿದ್ದರೂ ಭಾರ ಬಿದ್ದೊಡನೆ ಮತ್ತೆ ಚಪ್ಪಟೆಯಾಗುತ್ತದೆ. ಎರಡನೆಯ ಬಾರಿ ಅದೇ ಹದ ಕೊಡಬಲ್ಲವರಲ್ಲಿ ಮಾತ್ರ ಈ ಕೆಲಸ ಮಾಡಿಸಬೇಕು, ಇಲ್ಲವೇ ಹೊಸ ಪಾಟಾ ಹಾಕಬೇಕು. ಪಾಟಾ ಹಾಕಿ ಕಾರನ್ನು ಇಳಿಸಿದಾಗ ಹಿಂಗಾಲಿಗಳು ಒಳಕ್ಕೆ ಮಡಚಿಕೊಂಡೇ ನಿಂತು ಕಾರು ವಿಪರೀತ ಎತ್ತರವಾಗಿ ಕಂಡರೆ ಗಾಬರಿಯಾಗಬೇಕಿಲ್ಲ. ಟಯರುಗಳು ನೆಲವನ್ನು ಕಚ್ಚಿ ಹಿಡಿದಿರುವುದರಿಂದ ಗಾಲಿಗಳು ಹೊರಕ್ಕೆ ಸರಿಯಲಾರವು; ಕಾರನ್ನು ಹಲವು ಮೀಟರ್ ಉರುಳಿಸಿದ ಮೇಲೆಯೇ ಅದು ತನ್ನ ಎತ್ತರಕ್ಕೆ ಇಳಿಯುತ್ತದೆ. ಅಳತೆಗಳನ್ನು ತೆಗೆದುಕೊಳ್ಳುವುದು ಆ ನಂತರ.

ಅಳತೆಗಳು ಮೂರು. ಮುಂದಿನಿಂದ ನೋಡಿದಾಗ ಗಾಲಿಯ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್; ಬದಿಯಿಂದ ನೋಡಿದಾಗ ಗಾಲಿ ತಿರುಗುವ ಕಂಬ ಹಿಂದಕ್ಕೆ ವಾಲಿರುವುದು ಕ್ಯಾಸ್ಟರ್, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರವಾಗುವುದು ಇದರಿಂದ; ಮೇಲಿನಿಂದ ನೋಡಿದಾಗ ಎರಡು ಗಾಲಿಗಳ ಮುಂದಿನ ಅಂಚುಗಳ ಅಂತರ ಹಿಂದಿನ ಅಂಚುಗಳ ಅಂತರಕ್ಕಿಂತ ಕಡಿಮೆಯಿದ್ದರೆ ಅದು ಟೋ-ಇನ್, ಹೆಚ್ಚಿದ್ದರೆ ಟೋ-ಔಟ್. ಹೆರಾಲ್ಡಿನ ಕೆಳತೋಳಿನ ಬ್ರಾಕೆಟ್ಟಿಗೂ ಚಾಸಿಗೂ ನಡುವೆ ಶಿಮ್ ಎಂಬ ತೆಳು ತಗಡುಗಳಿರುತ್ತವೆ. ಅವುಗಳನ್ನು ತೆಗೆದ ಜಾಗದಲ್ಲೇ ಅಷ್ಟೇ ಸಂಖ್ಯೆಯಲ್ಲಿ ಮರಳಿ ಇಡದಿದ್ದರೆ ಕ್ಯಾಂಬರ್ ಕೆಡುತ್ತದೆ. ಕಂಪ್ಯೂಟರ್ ಅಲೈನ್‌ಮೆಂಟ್ ಯಂತ್ರ ಹತ್ತಿರದಲ್ಲಿಲ್ಲದಿದ್ದರೆ, ಕಾರಿನ ಎರಡೂ ಬದಿಗೆ ಸಮಾನಾಂತರವಾಗಿ ನೂಲು ಕಟ್ಟಿ ಗಾಲಿಯ ಅಂಚಿನಿಂದ ಅಳೆಯುವ ಹಳೆಯ ವಿಧಾನವೇ ಟೋ ಹೊಂದಿಸಲು ಸಾಕಾಗುತ್ತದೆ. ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಪಾಟಾ ಹಿಡಿದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯುವುದನ್ನು ಇಲ್ಲಿನ ಮಿಸ್ತ್ರಿಗಳಿಗೆ ಹೇಳಿಕೊಡಬೇಕಾಗಿಲ್ಲ, ಸಡಿಲ ಯು-ಬೋಲ್ಟಿನಿಂದ ಸೆಂಟರ್ ಬೋಲ್ಟ್ ತುಂಡಾಗುವುದನ್ನು ಟ್ರಾಲಿಗಳಲ್ಲಿ ಅವರು ಸಾಕಷ್ಟು ಕಂಡಿರುತ್ತಾರೆ.

ಕಾನೂನಿನ ಒಂದು ಅಂಶವನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದಕ್ಕೆ ಕಡಿವಾಣ ಹಾಕುತ್ತದೆ. 2021ರ ನಿಯಮದಂತೆ 50 ವರ್ಷ ದಾಟಿದ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಆಗ ಫಲಕದಲ್ಲಿ ಜಮಖಂಡಿಯ ಕೆಎ-48ರಂಥ ಊರಿನ ಸಂಕೇತದ ಬದಲು ರಾಜ್ಯದ ಅಕ್ಷರಗಳ ನಂತರ ವಿಎ ಎಂದಿರುತ್ತದೆ. ಆದರೆ ಚಾಸಿ, ಮೈ ಅಥವಾ ಎಂಜಿನ್ನಿನ ಗಣನೀಯ ಬದಲಾವಣೆ ಆಗಿರಬಾರದು, ಮತ್ತು ದಿನಬಳಕೆಗೆ ಅದನ್ನು ಓಡಿಸುವಂತಿಲ್ಲ. ಮೂಲದಂತೆಯೇ ಇರುವ ಬದಲಿ ಭಾಗಗಳನ್ನು ಹಾಕುವವರಿಗೆ ಇದರಿಂದ ತೊಡಕಿಲ್ಲ.

ಭಾಗಗಳು ಸಿಗುತ್ತವೆಯೇ ಎಂದರೆ, ಸ್ಪಿಟ್‌ಫೈರ್ ಕಾರಣದಿಂದ ಹೆರಾಲ್ಡಿಗೆ ಅನಿರೀಕ್ಷಿತ ಲಾಭವಾಗಿದೆ. ಸ್ಪೋರ್ಟ್ಸ್ ಕಾರನ್ನು ಪ್ರೀತಿಸುವವರು ಬ್ರಿಟನ್ನಿನಲ್ಲಿ ಬಹಳ ಮಂದಿ ಇರುವುದರಿಂದ ಟ್ರನಿಯನ್, ಬಾಲ್ ಜಾಯಿಂಟ್, ಬುಷ್ಷುಗಳು ಅಲ್ಲಿ ಇಂದಿಗೂ ಹೊಸದಾಗಿ ತಯಾರಾಗುತ್ತವೆ. ದೇಶದೊಳಗೆ ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ಮುಂಬಯಿಯ ಚೋರ್ ಬಜಾರುಗಳಲ್ಲಿ ಹಳೆಯ ಸರಕನ್ನು ಹುಡುಕಬೇಕು. ಲೋಹದ ಬುಷ್ಷು, ಪಿನ್ನುಗಳನ್ನು ಅಳತೆ ಕೊಟ್ಟು ಲೇಥಿನಲ್ಲಿ ಮಾಡಿಸಲು ಚಿಮ್ಮಡದ ಕಡೆಯವರಿಗೆ ಬೆಳಗಾವಿಯೂ ಕೊಲ್ಲಾಪುರವೂ ದೂರವಲ್ಲ. ಹಳೆಯ ಸರಕಿನ ಅಂಗಡಿಗಳಲ್ಲಿ ಪೊಟ್ಟಣ ಒಡೆಯದ, ಕಂಪನಿಯ ಮುದ್ರೆಯಿರುವ ಹಳೆಯ ಭಾಗ ಕಂಡರೆ ಹೆಚ್ಚು ಬೆಲೆ ಕೊಟ್ಟು ಕೊಳ್ಳುವವರಿದ್ದಾರೆ. ತೋಳು, ಕಂಬ, ಬ್ರಾಕೆಟ್ಟಿನಂಥ ಲೋಹದ ಭಾಗವಾದರೆ ಆ ಬೆಲೆ ನ್ಯಾಯವೇ. ರಬ್ಬರಿನ ಭಾಗವಾದರೆ, 1970ರ ದಶಕದಲ್ಲಿ ಅಚ್ಚಿನಿಂದ ಹೊರಬಂದದ್ದು ಪೊಟ್ಟಣದೊಳಗೇ ಐವತ್ತು ವರ್ಷ ಮುದಿಯಾಗಿರುತ್ತದೆ. ಉಗುರಿನಿಂದ ಒತ್ತಿ, ಅಂಚನ್ನು ತುಸು ಬಾಗಿಸಿ ನೋಡಿದಾಗ ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ಅಂಗಡಿಯಲ್ಲೇ ಬಿಟ್ಟು, ಇತ್ತೀಚೆಗೆ ಅಚ್ಚು ಹಾಕಿದ ಬುಷ್ಷನ್ನು ತರಿಸಿಕೊಳ್ಳಬೇಕು.